ಆಯಿ ಎಣಿಸಿದ ಹತ್ತನೆಯ ಮರಿ

ಕರಜಗಿಯ ನಮ್ಮ ಮನೆಯಲ್ಲಿ ಯಾವ ವಸ್ತುವನ್ನಾದರೂ ‘ನಂದು’ ಎಂದರೆ ಅಪ್ಪ ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಮೀಸೆಯಲ್ಲೇ ನಕ್ಕು ‘ಹೌದೇನು?’ ಎಂದು ಕೇಳುತ್ತಿದ್ದ, ಅಷ್ಟೇ. ಆ ಒಂದು ಮಾತಿಗೆ ನಾನು ಎಷ್ಟು ಅಂಜುತ್ತಿದ್ದೆನೆಂದರೆ, ಎರಡು ತಿಂಗಳ ಹಿಂದೆ ಸೋಲಾಪುರದ ದವಾಖಾನೆಯಲ್ಲಿ ಮೊಮ್ಮಗಳನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಾಗ ‘ನಂದು’ ಎಂಬ ಮಾತು ತುಟಿಯವರೆಗೆ ಬಂದು ಅಲ್ಲೇ ನಿಂತುಬಿಟ್ಟಿತು. ಅಪ್ಪ ಮಣ್ಣು ಸೇರಿ ಎಷ್ಟೋ ವರ್ಷವಾಗಿದೆ, ಆದರೂ ಬಾಗಿಲ ಹತ್ತಿರ ನಿಂತು ಕೇಳಿದಂತಾಯಿತು. ಅಂದಿನಿಂದ ನನಗೆ ಕೂತಲ್ಲಿ ಕೂಡಲಾಗುತ್ತಿಲ್ಲ. ಹಾಲಿನವನಿಗೆ ಹೇಳಿದೆ, ಟಪಾಲಿನವನಿಗೆ ಹೇಳಿದೆ, ಓಣಿಯಲ್ಲಿ ಬಾಳೆಹಣ್ಣು ಮಾರುವವಳಿಗೆ ಎರಡು ಸಲ ಹೇಳಿದೆ. ಮೊಮ್ಮಗಳ ಸುದ್ದಿ ಹೇಳಹೋಗಿ ಪ್ರತಿ ಸಲವೂ ಕರಜಗಿಯ ಕುರಿದಡ್ಡಿಯಲ್ಲಿ ಹೋಗಿ ನಿಲ್ಲುತ್ತೇನಂತೆ. ಮಗ ಒಂದು ನೋಟಬುಕ್ ತಂದು ಕೊಟ್ಟು, ಇದರಲ್ಲಿ ಬರೆ, ಓಣಿಯವರು ಬದುಕಿಕೊಳ್ಳಲಿ ಎಂದ. ನಾನು ಕಲಿತದ್ದು ಮರಾಠಿ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ. ಕನ್ನಡದ ಅಕ್ಷರಗಳನ್ನು ಅಪ್ಪ ಕಟ್ಟೆಯ ಕಲ್ಲಿನ ಮೇಲೆ ಇದ್ದಿಲಿನಿಂದ ಬರೆದು ಕಲಿಸಿದ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ.

ಮಣ್ಣಿನ ಮಾಳಿಗೆಯ ಎರಡೇ ಖೋಲಿಯ ಮನೆ ನಮ್ಮದು. ನೋಡಿ, ‘ನಮ್ಮದು’ ಎಂದು ಬರೆದೇಬಿಟ್ಟೆ. ಒಳಗಿನ ಖೋಲಿಯಲ್ಲಿ ಒಲೆ, ಬೀಸುವ ಕಲ್ಲು, ಜೋಳದ ಚೀಲ. ಹೊರಗಿನದರಲ್ಲಿ ಕಂಬಳಿಗಳ ಗಂಟು, ಉಣ್ಣೆ ಕತ್ತರಿಸುವ ಕತ್ತರಿ, ಆಯಿಯ ಹಾಸಿಗೆ. ಆಯಿ ಎಂದರೆ ಅಪ್ಪನ ಅವ್ವ. ನಡುಗೋಡೆಯಲ್ಲಿ ಎರಡು ಗೂಡುಗಳಿದ್ದವು. ಬಲಗಡೆಯದರಲ್ಲಿ ಆಯಿಯ ಕುಲದೇವರು ಬೀರೋಬಾನ ಭಂಡಾರದ ಅರಿಶಿನಪುಡಿಯ ಚೀಲ, ಎಡಗಡೆಯದರಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿದ ಅಪ್ಪನ ಶಾಸ್ತ್ರ, ಎಂದರೆ ಬೈಬಲ್. ಎರಡರ ನಡುವೆ ಒಂದೇ ದೀಪ. ಅದನ್ನು ಸಂಜೆ ಹಚ್ಚುವವಳು ಆಯಿ, ಅದರ ಬೆಳಕಿನಲ್ಲಿ ಓದುವವನು ಅಪ್ಪ. ವಾರಕ್ಕೊಮ್ಮೆಯಾದರೂ ಅದರ ಮೇಲೆ ಜಗಳ ಆಗಬೇಕು.

“ನನ್ನ ಬೀರೋಬಾನ ದೀಪದಾಗ ನೀ ನಿನ್ನ ದೇವರ ಮಾತ ಓದತಿ. ಎಣ್ಣಿ ಯಾರ ಪಾಲಿಗೆ ಹಚ್ಚಬೇಕೋ ಬೀರ್ಯಾ?”

“ಬೆಳಕಿಗೇ ಕೇಳು ಯವ್ವಾ, ನೀ ಯಾರದಂತ.”

“ಬೆಳಕ ಮಾತಾಡಂಗಿಲ್ಲ. ಅದಕ್ಕ ನೀ ಗೆದ್ದಿ.”

ಬೀರ್ಯಾ ಎಂದರೆ ಅಪ್ಪನೇ. ಹುಟ್ಟಿದಾಗ ಇಟ್ಟ ಹೆಸರು ಬೀರಪ್ಪ. ಹುಡುಗನಿದ್ದಾಗ ಹಾವು ಕಚ್ಚಿ ಸೋಲಾಪುರದ ಮಿಶನ್ ದವಾಖಾನೆಯಲ್ಲಿ ಎರಡು ತಿಂಗಳು ಮಲಗಿದ್ದನಂತೆ. ಅಲ್ಲೇ ಓದಲು ಕಲಿತ, ದೀಕ್ಷಾಸ್ನಾನ ಮಾಡಿಸಿಕೊಂಡು ಯೋಹಾನನಾಗಿ ಊರಿಗೆ ಬಂದ. ಊರವರು ಮೂರು ವರ್ಷ ಮಾತು ಬಿಟ್ಟರು. ಆಯಿ ಮೂರು ದಿನ ಊಟ ಬಿಟ್ಟಳು. ನಾಲ್ಕನೆಯ ದಿನ, ಬೀರ್ಯಾ ಉಣ್ಣು ಬಾ ಎಂದು ಕರೆದು ತಾನೂ ಉಂಡಳು. ಸಾಯುವವರೆಗೂ ಅವನನ್ನು ಬೇರೆ ಹೆಸರಿನಿಂದ ಕರೆಯಲಿಲ್ಲ. ಅವ್ವ ಸೋಲಾಪುರದ ಮಿಶನ್ ಬೋರ್ಡಿಂಗಿನಲ್ಲಿ ಬೆಳೆದವಳು, ಹಿಂದೆ ಮುಂದೆ ಯಾರೂ ಇಲ್ಲದ ಹುಡುಗಿ. ಚರ್ಚಿನ ಸಭೆಯವರೇ ನಿಂತು ಮದುವೆ ಮಾಡಿಸಿದರು. ಕುರಿ ಎಂದರೆ ಹಿಂದೆ ಸರಿಯುತ್ತಿದ್ದವಳು ಆರು ತಿಂಗಳಲ್ಲಿ ಕತ್ತಲಲ್ಲೂ ಕುರಿಯ ಕೆಮ್ಮು ಕೇಳಿ ಯಾವ ಕುರಿ ಎಂದು ಹೇಳುವಂತಾದಳು. ದಿನವೂ ಮೊದಲ ರೊಟ್ಟಿಯನ್ನು ಬೇರೆ ಬಟ್ಟೆಯಲ್ಲಿ ಕಟ್ಟಿಡುತ್ತಿದ್ದಳು, ಬಂದವರ ರೊಟ್ಟಿ ಎಂದು. ಯಾರೂ ಬಾರದಿದ್ದರೆ ಮರುದಿನ ಅದನ್ನೇ ಶೇಂಗಾ ಹಿಂಡಿ ಹಚ್ಚಿಕೊಂಡು ತಾನು ತಿನ್ನುತ್ತಿದ್ದಳು. ಬಿಸಿ ರೊಟ್ಟಿ ಯಾರಿಗೋ, ತಂಗಳು ನಿನಗೆ ಯಾಕೆ ಎಂದು ನಾನು ಕೇಳಿದರೆ, ಇವತ್ತು ಬಂದವಳು ನಾನೇ ಎನ್ನುತ್ತಿದ್ದಳು.

ಅಪ್ಪ ಕುರಿಗಳನ್ನು ಎಂದೂ ತನ್ನವು ಎನ್ನಲಿಲ್ಲ. ದಾರಿಯಲ್ಲಿ ಯಾರಾದರೂ ಕೇಳಿದರೆ ‘ಧಣ್ಯಾರವು, ನಾ ಕಾಯಾಂವ’ ಎಂದುಬಿಡುತ್ತಿದ್ದ. ಅವನ ಮನಸ್ಸಿನಲ್ಲಿ ಧಣಿ ಎಂದರೆ ದೇವರು. ಕೇಳುವವರಿಗೆ ಅದು ಹೇಗೆ ಗೊತ್ತಾಗಬೇಕು. ನಾಗಣಸೂರಿನ ಒಬ್ಬ ಮುದುಕ ಇವನನ್ನು ಸೋಲಾಪುರದ ಯಾರೋ ಸಾವಕಾರನ ಆಳು ಎಂದುಕೊಂಡು ಮನೆಯ ಕಟ್ಟೆಯವರೆಗೂ ಹಿಂದೆ ಬಂದಿದ್ದ. ಧಣಿ ಹೇಗೆ, ಸಿಟ್ಟಿನವರೇ ಎಂದು ಕೇಳಿದ. ಭಾಳ ಸಮಾಧಾನದವರು ಎಂದ ಅಪ್ಪ. ಏನು ಕೊಡುತ್ತಾರೆ ಎಂದ. ಹೊಟ್ಟೆಗೆ ಕೊಡುತ್ತಾರೆ, ಮಳೆ ಕೊಡುತ್ತಾರೆ ಎಂದ ಅಪ್ಪ. ಮುದುಕ ಸ್ವಲ್ಪ ಹೊತ್ತು ಯೋಚಿಸಿ, ಹಂಗಾದರೆ ನನ್ನ ಮಗನದೊಂದು ಮಾತು ಹಾಕಿ ಎಂದಾಗ ಅವ್ವ ಒಳಗಡೆ ಬಾಯಿಗೆ ಸೆರಗು ತುರುಕಿಕೊಂಡು ಕೂತುಬಿಟ್ಟಳು. ಆ ದಿನ ಬಂದವರ ರೊಟ್ಟಿ ಅವನಿಗೆ ಹೋಯಿತು.

ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಮ್ಮೆ ಮರಿ ಎಣಿಸುವ ದಿನ ಬರುತ್ತಿತ್ತು. ದಡ್ಡಿಯಿಂದ ಹೊರಬೀಳುವ ಮರಿಗಳಲ್ಲಿ ಕೋಲಿನ ಕೆಳಗೆ ಹಾದ ಹತ್ತನೆಯದು ದೇವರದು; ಅದು ಒಳ್ಳೆಯದೋ ಕೆಟ್ಟದ್ದೋ ಎಂದು ನೋಡಬಾರದು, ಬದಲಿಸಬಾರದು ಎಂದು ಅಪ್ಪ ಶಾಸ್ತ್ರದಲ್ಲಿ ಓದಿದ್ದ. ಸೋಲಾಪುರದ ಸಭೆಯಲ್ಲಿ ಬೇರೆ ಯಾರೂ ಹೀಗೆ ಮಾಡುತ್ತಿರಲಿಲ್ಲ, ಹಬ್ಬಕ್ಕೆ ಅವರವರ ಶಕ್ತಿಯಂತೆ ಒಂದು ಬುಟ್ಟಿ ಜೋಳ, ಒಂದು ಕೋಳಿ ತರುತ್ತಿದ್ದರು. ಅಪ್ಪ ಕುರುಬರ ಮನೆಯಲ್ಲಿ ಹುಟ್ಟಿದವನಾದ್ದರಿಂದ ಆ ಮಾತು ತನಗಾಗಿಯೇ ಬರೆದದ್ದು ಎಂದು ಅವನಿಗೆ ಅನಿಸಿತ್ತು. ಹತ್ತನೆಯ ಮರಿ ಅವ್ವ ಬೆಳೆದ ಬೋರ್ಡಿಂಗಿಗೆ ಹೋಗುತ್ತಿತ್ತು, ಉಪಕಾರಸ್ತುತಿಯ ಹಬ್ಬದ ಊಟಕ್ಕೆ. ಆದರೆ ಎಣಿಸುವವನು ಅಪ್ಪ ಅಲ್ಲ. ನನ್ನ ಕಣ್ಣು ಭಾಳ ಶಾಣ್ಯಾ, ಹತ್ತನೆಯದು ಬರುವ ಹೊತ್ತಿಗೆ ಒಂದು ಬಡಕಲು ಮರಿ ಮುಂದೆ ಬರುವಂತೆ ಮಾಡುತ್ತವೆ ಎನ್ನುತ್ತಿದ್ದ. ಅದಕ್ಕೇ ಆಯಿ ಎಣಿಸಬೇಕು. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಬಿಸಿಲು ಮತ್ತು ನೆರಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಬೀರೋಬಾನ ಭಕ್ತೆ ನಮ್ಮ ದೇವರ ಪಾಲನ್ನು ಎಣಿಸಿ ಕೊಡುವವಳು. ನಿಮ್ಮ ದೇವರಿಗೆ ಎಣಿಸಲು ಮನುಷ್ಯರು ಬೇಕೇನು, ನಮ್ಮ ಬೀರೋಬಾ ಎಣಿಸುವುದೇ ಇಲ್ಲ ಎಂದು ಗೊಣಗುತ್ತಲೇ ಹೊಸ ಇಳಕಲ್ ಸೀರೆ ಉಟ್ಟು ಬಂದು ಕೂಡುತ್ತಿದ್ದಳು. ವರ್ಷವಿಡೀ ಕೋಲನ್ನು ತನ್ನ ಹಾಸಿಗೆಯ ಮೂಲೆಯಲ್ಲೇ ಇಟ್ಟುಕೊಂಡಿರುತ್ತಿದ್ದಳು. ಬೀಸುವುದು, ಬಡಿಯುವುದು, ನೂಲುವುದು ಒಂದೊಂದೇ ಅವಳ ಕೈಬಿಟ್ಟಿದ್ದವು. ಆ ಮನೆಯಲ್ಲಿ ಅವಳಿಗೆ ಉಳಿದಿದ್ದ ಕೆಲಸ ಅದೊಂದೇ.

ನನಗೆ ಒಂಬತ್ತು ವರ್ಷ ಇದ್ದಾಗ ಹದಿನಾಲ್ಕು ಮರಿಗಳಿದ್ದವು. ಅವುಗಳಲ್ಲೊಂದು ತಾಯಿ ಸತ್ತ ಟಗರು ಮರಿ, ಮೈಯೆಲ್ಲ ಕಪ್ಪು, ಹಣೆಯ ಮೇಲೆ ಬಿಳಿ ಚುಕ್ಕೆ. ಅರಿವೆಯ ಬತ್ತಿಯನ್ನು ಆಡಿನ ಹಾಲಿನಲ್ಲಿ ಅದ್ದಿ ಅದ್ದಿ ಚೀಪಿಸಿ ನಾನೇ ಬದುಕಿಸಿದ್ದೆ. ಹೆಸರು ಚಂದ್ರ್ಯಾ. ದೊಡ್ಡದಾದ ಮೇಲೂ ಅದರ ಚೀಪುವ ಚಟ ಹೋಗಲಿಲ್ಲ, ಯಾರ ಕೈ ಸಿಕ್ಕರೂ ಬೆರಳನ್ನು ಬಾಯಲ್ಲಿ ಹಿಡಿಯುತ್ತಿತ್ತು. ಇನ್ನೊಂದು ಮರಿಯ ಹಿಂಗಾಲು ಬಂಡಿಯ ಗಾಲಿಗೆ ಸಿಕ್ಕು ಸೊಟ್ಟಗಾಗಿತ್ತು. ಅದು ಹೆಣ್ಣು ಮರಿ, ಅದಕ್ಕೆ ಹೆಸರೇ ಇಟ್ಟಿರಲಿಲ್ಲ, ಎಲ್ಲರೂ ಕುಂಟಿ ಎನ್ನುತ್ತಿದ್ದರು.

ಆ ದಿನ ಆಯಿ ದಡ್ಡಿಯ ಬಾಯಲ್ಲಿ ಕೂತು ಕೋಲನ್ನು ಅಡ್ಡ ಹಿಡಿದಳು. ಮರಿಗಳು ಒಂದೊಂದಾಗಿ ಹಾದಂತೆ ಇನ್ನೊಂದು ಕೈಯಿಂದ ಮುಟ್ಟಿ ಎಣಿಸತೊಡಗಿದಳು. ಒಂದು ಎನ್ನುವಂತಿಲ್ಲ, ರಾಶಿ ಅಳೆಯುವಾಗ ಅನ್ನುವಂತೆ ಮೊದಲಿಗೆ ಲಾಭ ಎನ್ನಬೇಕು. ಲಾಭ, ಎರಡು, ಮೂರು. ಅವಳ ದನಿ ಈಗಲೂ ನನ್ನ ಕಿವಿಯಲ್ಲಿದೆ, ಸ್ವಲ್ಪ ಒಡಕು, ಸ್ವಲ್ಪ ಹಾಡಿನಂತೆ. ಒಂಬತ್ತಾಯಿತು. ಆಮೇಲೆ ಬಂದದ್ದು ಆಯಿಯ ಬೆರಳನ್ನು ಬಾಯಲ್ಲಿ ಹಿಡಿದು ಚೀಪತೊಡಗಿತು. ಆಯಿಯ ಕೈ ನಿಂತಿತು. ಅವಳಿಗೆ ಗೊತ್ತಾಯಿತು, ಅವಳಿಗೆ ಗೊತ್ತಾಯಿತು ಎಂದು ನನಗೂ ಗೊತ್ತಾಯಿತು. ಎಷ್ಟು ಹೊತ್ತು ಹಾಗೆ ಕೂತಿದ್ದಳೋ. ಹನ್ನೊಂದು ಎನ್ನಲಿ, ಒಂಬತ್ತನ್ನೇ ಇನ್ನೊಮ್ಮೆ ಎನ್ನಲಿ ಎಂದು ನಾನು ಎರಡೂ ದೇವರನ್ನು ಬೇಡಿಕೊಂಡೆ. ಆಯಿ ಬೆರಳು ಬಿಡಿಸಿಕೊಂಡು, ಹತ್ತು ಎಂದಳು. ಅಪ್ಪ ಎಣ್ಣೆಯಲ್ಲಿ ಕಲಸಿದ ಕಾವಿಯಿಂದ ಚಂದ್ರ್ಯಾನ ಬೆನ್ನ ಮೇಲೆ ಒಂದು ಗೆರೆ ಎಳೆದ.

ಮಧ್ಯಾಹ್ನ ಅಪ್ಪ, ಅವ್ವ ಇಬ್ಬರೂ ಹೊಲಕ್ಕೆ ಹೋಗಿದ್ದರು. ನಾನು ಕತ್ತರಿ ತಂದು ಚಂದ್ರ್ಯಾನ ಬೆನ್ನಿನ ಕೆಂಪು ಉಣ್ಣೆಯನ್ನು ಕತ್ತರಿಸಿದೆ. ಕಾವಿಯ ಬಟ್ಟಲು ಕಟ್ಟೆಯ ಮೇಲೇ ಇತ್ತು. ಕುಂಟಿಯ ಬೆನ್ನ ಮೇಲೆ ಗೆರೆ ಎಳೆದೆ. ಹೇಗೂ ಕುಂಟಿ, ದೇವರಿಗಾದರೆ ಕಾಲಿನದೇನು ಹಂಗು ಎಂದು ನನ್ನ ಲೆಕ್ಕ. ಆಯಿ ಬಾಗಿಲಲ್ಲಿ ಕೂತಿದ್ದಳು.

“ಏನ ಮಾಡಾಕತ್ತಿ ಯವ್ವಾ ಅಲ್ಲಿ?”

“ಏನಿಲ್ಲ ಆಯಿ.”

ಕತ್ತರಿಯ ಸಪ್ಪಳವಾಗಲಿ ಕುಂಟಿಯ ಸೊಟ್ಟ ಹೆಜ್ಜೆಯಾಗಲಿ ಅವಳಿಗೆ ಕೇಳದೆ ಇರುತ್ತದೆಯೇ.

“ಏನಿಲ್ಲಂದ್ರ ಲಗೂ ಮುಗಿಸು. ನಿಮ್ಮಪ್ಪ ಬರೂ ಹೊತ್ತಾತು.”

ಕುರುಬನ ಕಣ್ಣಿನ ಎದುರು ಅದೆಂಥ ಕಳ್ಳತನ. ಚಂದ್ರ್ಯಾನ ಬೆನ್ನ ಮೇಲೆ ಅಂಗೈಯಷ್ಟು ಬೋಳು. ಅಪ್ಪ ಸಂಜೆ ಬಂದವನು ಎರಡೂ ಮರಿಗಳನ್ನು ನೋಡಿದ, ಕತ್ತರಿಯನ್ನು ನೋಡಿದ, ನನ್ನ ಕಡೆ ಮಾತ್ರ ನೋಡಲಿಲ್ಲ. ಊಟಕ್ಕೆ ಕೂತಾಗ ಆಯಿಯನ್ನು ಕೇಳಿದ, ಹತ್ತನೆಯದು ಯಾವುದಾಗಿತ್ತು ಎಂದು. ಆಯಿ ನುಚ್ಚು ಕಲಸುತ್ತಾ, ಕುಂಟಿಯೇ ಇರಬೇಕು, ನನ್ನ ಎಣಿಕೆಯೇ ತಪ್ಪಿತು, ನಡುವೆ ಒಂದನ್ನು ಬಿಟ್ಟೆ ಎಂದಳು. ಎಂದೂ ಸುಳ್ಳು ಹೇಳದವಳ ಬಾಯಲ್ಲಿ ಸುಳ್ಳು ಎಷ್ಟು ಸಲೀಸಾಗಿ ಬಂತು. ಅಪ್ಪ ಒಂದು ತುತ್ತು ಉಂಡ.

“ವಯಸ್ಸಾತು ಬಿಡು ಯವ್ವಾ, ತಪ್ಪ ಆಗ್ತದ. ಬರೂ ವರ್ಷದಿಂದ ನಾನೇ ಎಣಸ್ತೀನಿ.”

ಮೆತ್ತಗೇ ಹೇಳಿದ. ಊಟವಾದ ಮೇಲೆ ಕೋಲನ್ನು ಮೂಲೆಯಿಂದ ತೆಗೆದು ಮಾಳಿಗೆಯ ತೊಲೆಗೆ ಸಿಕ್ಕಿಸಿದ. ಇಂದು ಯೋಚಿಸಿದರೆ ಅವನಿಗೆ ಎಲ್ಲ ತಿಳಿದಿತ್ತು, ನಾನೇ ಬಂದು ಹೇಳಲಿ ಎಂದು ದಾರಿ ಕಾಯುತ್ತಿದ್ದ ಅನಿಸುತ್ತದೆ. ಅಂದು ನನಗೆ ಖುಷಿಯೇ ಆಗಿತ್ತು, ಚಂದ್ರ್ಯಾ ಉಳಿದನಲ್ಲ. ಆ ಖುಷಿ ಮರುದಿನ ಬೆಳಗಿನವರೆಗೆ ಬಾಳಿತು. ಆಯಿ ಎದ್ದು, ದಿನದಂತೆ, ಮೂಲೆಗೆ ಕೈ ಚಾಚಿದಳು. ಕೋಲು ಸಿಗಲಿಲ್ಲ. ಕೈ ಹಾಗೇ ಗೋಡೆಯನ್ನು ಸವರಿತು, ಗೋಡೆಯ ಧೂಳನ್ನೇ ಒರೆಸಲು ಚಾಚಿದ್ದು ಎನ್ನುವಂತೆ. ನೆನಪಾಗಿ, ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಮರುದಿನವೂ ಹಾಗೆಯೇ. ಮೂರನೆಯ ದಿನ ಆ ಕೈ ಮೂಲೆಗೆ ಹೋಗುವ ಮುಂಚೆಯೇ ನಾನು ದಡ್ಡಿಗೆ ಓಡಿದೆ. ಅಪ್ಪ ಮೇವು ಹಾಕುತ್ತಿದ್ದ.

“ಅಪ್ಪಾ, ಆಯಿ ಬರೋಬ್ಬರಿ ಎಣಿಸ್ಯಾಳ.”

“ಹೌದೇನು?”

“ಹತ್ತನೇದು ಚಂದ್ರ್ಯಾ. ಉಣ್ಣಿ ನಾ ಕತ್ತರಿಸಿದೆ. ಆಯಿ ನನ್ನ ಸಲುವಾಗಿ ಸುಳ್ಳ ಹೇಳ್ಯಾಳ.”

ಅಪ್ಪ ಕೈಯಲ್ಲಿದ್ದ ಮೇವನ್ನು ಕೆಳಗಿಟ್ಟ. ಮೊದಲು ಒಳಗೆ ಹೋಗಿ ತೊಲೆಯಿಂದ ಕೋಲು ಇಳಿಸಿ ಆಯಿಯ ಕೈಗೆ ಕೊಟ್ಟ. ಆಮೇಲೆ ಎರಡೂ ಮರಿಗಳು ಬೋರ್ಡಿಂಗಿಗೆ ಹೋಗಬೇಕು ಎಂದ. ಬದಲಿಸಿದರೆ ಅದೂ ದೇವರದೇ, ಇದೂ ದೇವರದೇ ಎಂದು ಶಾಸ್ತ್ರದಲ್ಲಿದೆಯಂತೆ. ಆಯಿ ಕೋಲನ್ನು ನೆಲಕ್ಕೆ ಕುಟ್ಟಿದಳು.

“ಕೂಸು ಖರೆ ಹೇಳ್ಯಾಳ. ಖರೆ ಹೇಳಿದ್ದಕ್ಕ ದಂಡ ಹಾಕತಿಯೇನೋ ಬೀರ್ಯಾ? ಎಂಥಾ ಧಣಿ ನಿನ್ನಾಂವ?”

“ದಂಡ ಅಲ್ಲ ಯವ್ವಾ. ಕುಂಟಿ ಮೈಮ್ಯಾಲ ಧಣ್ಯಾರ ಗುರ್ತ ಬಿದ್ದದ. ಅದನ್ನ ಅಳಸಾಕ ನಾ ಯಾರು?”

ನಾನು ಅವ್ವನ ಸೆರಗು ಹಿಡಿದೆ. ಎರಡು ಮರಿ ಎಂದರೆ ಆ ಮನೆಗೆ ಸಣ್ಣ ಮಾತಲ್ಲ, ಅವಳಾದರೂ ತಡೆಯುತ್ತಾಳೆ ಎಂದುಕೊಂಡಿದ್ದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, ಹಂಚಿನ ಕಡೆಗೇ ನೋಡುತ್ತಾ ಹೇಳಿದಳು.

“ಹಬ್ಬದ ದಿನ ನಮ್ಮ ತಾಟಿನ್ಯಾಗ ಒಂದ ತುಂಡ ಬೀಳ್ತಿತ್ತು. ಯಾರ ಕೊಟ್ರಂತ ನಾವು ಯಾರೂ ಕೇಳ್ತಿದ್ದಿಲ್ಲ. ಯಾರ ಮನ್ಯಾಗೋ ಒಂದ ಹುಡಿಗಿ ಅತ್ತಿರಬೇಕು. ಈಗ ತಿಳೀತು.”

ನಾನು ಸೆರಗು ಬಿಟ್ಟೆ. ಅಕ್ಕಲಕೋಟೆಯ ಮೇಲೆ ಹಾದು ಮೂರು ದಿನ ನಡೆದೆವು. ಅಪ್ಪ ಕುಂಟಿಯನ್ನು ಹೆಗಲ ಮೇಲೆ ಶಾಲಿನಂತೆ ಹಾಕಿಕೊಂಡಿದ್ದ. ಚಂದ್ರ್ಯಾನಿಗೆ ಹಗ್ಗವೇ ಬೇಕಿರಲಿಲ್ಲ, ನನ್ನ ಬೆರಳೊಂದಿದ್ದರೆ ಸಾಕು, ಚೀಪುತ್ತಾ ಬರುತ್ತಿದ್ದ. ಸೋಲಾಪುರದ ಗಿರಣಿಯ ಭೋಂಗಾದ ಕೂಗು ದೂರದಿಂದ ಕೇಳಿದಾಗ ಅವನು ಬೆದರಿ ನನ್ನ ಲಂಗದೊಳಗೆ ತಲೆ ತೂರಿಸಿದ. ಆ ಬೆಚ್ಚನೆಯ ತಲೆಯನ್ನು ನನ್ನ ಮೊಣಕಾಲು ಇನ್ನೂ ಮರೆತಿಲ್ಲ.

ಬೋರ್ಡಿಂಗನ್ನು ನಡೆಸುತ್ತಿದ್ದ ಮುದುಕಿಯನ್ನು ಎಲ್ಲರೂ ದೊಡ್ಡಬಾಯಿ, ಎಂದರೆ ದೊಡ್ಡ ಅಮ್ಮನವರು, ಎನ್ನುತ್ತಿದ್ದರು. ಅವ್ವನನ್ನು ಸಾಕಿದವಳೂ ಅವಳೇ. ಅಪ್ಪ ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿದ, ನಾನು ಅವನ ಬೆನ್ನ ಹಿಂದೆ ನಿಂತಿದ್ದೆ. ದೊಡ್ಡಬಾಯಿ ಚಂದ್ರ್ಯಾನ ಬೆನ್ನು ಸವರಿ ಬಹಳ ಚಲೋ ಮರಿ ಎಂದಳು. ಕುಂಟಿಯ ಕಾಲನ್ನು ಎತ್ತಿ ನೋಡಿ ನನ್ನನ್ನು ಮುಂದೆ ಕರೆದಳು.

“ಬಾಳಾ, ಇದು ಈಗ ನಮ್ಮದು, ಹೌದಲ್ಲ? ಇಲ್ಲಿ ಬರೇ ಫರಶಿಕಲ್ಲ ಅದ, ಹುಲ್ಲ ಎಲ್ಲಿ ತರೂಣು? ನಮ್ಮ ಸಲುವಾಗಿ ಇದನ್ನ ಒಂದ ವರ್ಷ ಕಾಯ್ತಿಯೇನು?”

ಅವಳ ಬೆರಳು ಚಂದ್ರ್ಯಾನ ಕಡೆ ತಿರುಗಲಿ ಎಂದು ನಾನು ಕಾದೆ. ತಿರುಗಲಿಲ್ಲ. ಹೂಂ ಎಂದೆ.

ನಾನು ದೇವರಿಗೆ ಸಾಗಹಾಕಿದ ಕುಂಟಿ ದೇವರ ಮರಿಯಾಗಿ ನನ್ನ ಕೈಗೇ ಮರಳಿ ಬಂತು. ಮೊದಲೊಂದು ತಿಂಗಳು ನಾನು ಅದರ ಮುಖ ನೋಡಲಿಲ್ಲ, ಹುಲ್ಲು ಹಾಕಿ ತಿರುಗಿ ಬರುತ್ತಿದ್ದೆ. ಮಳೆಗಾಲದಲ್ಲಿ ಅದರ ಗೊರಸಿಗೆ ಹುಣ್ಣಾಯಿತು. ಬೆಳಿಗ್ಗೆ ಸಂಜೆ ಬಿಸಿನೀರಿನಿಂದ ತೊಳೆದು ಬೇವಿನೆಣ್ಣೆ ಹಚ್ಚಬೇಕು, ಔಡಲ ಎಲೆ ಬೆಚ್ಚಗೆ ಮಾಡಿ ಕಟ್ಟಬೇಕು. ಆಯಿ ಪಕ್ಕದಲ್ಲಿ ಕೂತು ಬೆರಳಿನಿಂದ ಮೂಳೆ ಹುಡುಕಿ ಎಲ್ಲಿ ನೀವಬೇಕು ಎಂದು ತೋರಿಸಿಕೊಡುತ್ತಿದ್ದಳು. ಯಾವಾಗ ಅದರ ಮೇಲೆ ಮನಸ್ಸಾಯಿತೋ ನನಗೆ ಗೊತ್ತಿಲ್ಲ. ಒಂದು ದಿನ ಹಳ್ಳದ ಹತ್ತಿರ ಯಾರೋ ಹೆಂಗಸು, ಯಾರದವ್ವ ಈ ಕುಂಟಮರಿ ಎಂದು ಕೇಳಿದಳು. ಧಣ್ಯಾರದು ಎಂದೆ. ಅಪ್ಪನ ಮಾತು ಅದು, ನನ್ನ ಬಾಯಿಂದ ಬಂದಮೇಲೆ ನಾನೇ ತಿರುಗಿ ನೋಡಿದೆ.

ಮುಂದಿನ ಸುಗ್ಗಿಗೆ ಆಯಿಯೇ ಎಣಿಸಿದಳು. ಕುಂಟಿ ಸೋಲಾಪುರದವರೆಗೂ ತನ್ನ ಕಾಲಿನ ಮೇಲೇ ನಡೆದು ಬಂತು, ತಡವಾದರೂ ಕೂರಲಿಲ್ಲ. ಅಪ್ಪ ದೊಡ್ಡಬಾಯಿಯ ಜೊತೆ ಮಾತಾಡುತ್ತಿದ್ದಾಗ ನನ್ನಷ್ಟೇ ವಯಸ್ಸಿನ ಒಬ್ಬ ಹುಡುಗಿ ಬಂದು ಕುಂಟಿಯ ಕಿವಿ ಸವರುತ್ತಾ ನಿಂತಳು. ಹೋದ ವರ್ಷ ಹಬ್ಬಕ್ಕೆ ಒಂದು ಕಪ್ಪು ಮರಿ ಬಂದಿತ್ತು, ಎರಡು ದಿನ ಎಲ್ಲರ ಬೆರಳನ್ನೂ ಚೀಪಿತು, ಅದರ ಅಡಿಗೆ ಮಾಡಿದ ದಿನ ತಾನು ಎರಡು ಸಲ ಅನ್ನ ಹಾಕಿಸಿಕೊಂಡೆ ಎಂದಳು. ಹೇಳುವಾಗ ಅವಳ ಮುಖ ಬೆಳಗುತ್ತಿತ್ತು. ನನ್ನ ಅವ್ವ ಈ ವಯಸ್ಸಿನಲ್ಲಿ ಹೀಗೇ ಇದ್ದಿರಬೇಕು ಅನಿಸಿತು. ಕುಂಟಿಯ ಕಾಲನ್ನು ಎಲ್ಲಿ ನೀವಬೇಕು ಎಂದು ಅವಳಿಗೆ ತೋರಿಸಿಕೊಟ್ಟು, ತಿರುಗಿ ನೋಡದೆ ಬಂದೆ. ದಾರಿಯಲ್ಲಿ ಅತ್ತೆ. ಅಪ್ಪ ತಡೆಯಲಿಲ್ಲ, ಕೈ ಮಾತ್ರ ಹಿಡಿದುಕೊಂಡ.

ಎಂಥ ಚಂದದ ಮನೆಯದು. ಮಾಳಿಗೆಯ ಮಣ್ಣು ಮಳೆಗೆ ನೆನೆದ ವಾಸನೆ, ಎರಡು ದೇವರ ನಡುವಿನ ಆ ಒಂದು ದೀಪ, ಬಟ್ಟೆಯಲ್ಲಿ ಕಟ್ಟಿಟ್ಟ ಆ ರೊಟ್ಟಿ. ಈಗ ಎಲ್ಲವೂ ಬೇಕು ಅನಿಸುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಆಯಿಯ ಕೈ ಬೇಕು. ಅಂದು ಹತ್ತನೆಯ ಮರಿಯ ಮೇಲೆ ಆ ಕೈ ಯಾಕೆ ಅಷ್ಟು ಹೊತ್ತು ನಿಂತಿತ್ತು ಎಂದು ಒಮ್ಮೆಯೂ ಕೇಳಲಿಲ್ಲ. ಹನ್ನೊಂದು ಎಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಅದು ಅವಳ ದೇವರೂ ಅಲ್ಲ.

ಇವತ್ತು ಬೆಳಿಗ್ಗೆ ಕೂಸಿಗೆ ಎಣ್ಣೆ ಹಚ್ಚಲು ಕಾಲು ಚಾಚಿ ಕೂತಿದ್ದೆ. ಎಣ್ಣೆ ಹಚ್ಚುತ್ತಾ ಅದರ ಕೈಬೆರಳುಗಳನ್ನು ಎಣಿಸಿದೆ. ಲಾಭ, ಎರಡು, ಮೂರು. ನನ್ನ ದನಿಯೂ ಈಗ ಒಡಕು. ಒಂಬತ್ತಾದ ಮೇಲೆ ಕೂಸು ತನ್ನ ಕೊನೆಯ ಕಿರುಬೆರಳಿನ ಜೊತೆಗೆ ನನ್ನ ಬೆರಳನ್ನೂ ಬಾಯಿಗೆ ಎಳೆದುಕೊಂಡು ಚೀಪತೊಡಗಿತು. ಹಲ್ಲಿಲ್ಲದ ಬೆಚ್ಚನೆಯ ಬಾಯಿ. ನನ್ನ ಕೈ ನಿಂತಿತು. ಒಲೆಯ ಮೇಲೆ ನೀರು ಕುದಿಯುತ್ತಿತ್ತು, ಸೊಸೆ ಎರಡು ಸಲ ಕರೆದಳು, ನನ್ನ ತುಟಿಯ ಮೇಲೆ ಮತ್ತೆ ‘ನಂದು’ ಎಂಬ ಮಾತೇ ಇತ್ತು. ಆಮೇಲೆ ಬೆರಳನ್ನು ಮೆಲ್ಲಗೆ ಬಿಡಿಸಿಕೊಂಡು, ಹತ್ತು ಎಂದೆ.